ಎರೆ ನೆಲದ ಹಿತ್ತಲು

ಕಲಬುರಗಿ ನಗರದ ಮಗ್ಗುಲಿನ ತಾಜಸುಲ್ತಾನಪುರದಂಥ ಊರುಗಳಲ್ಲಿ ಮನೆ ಕಟ್ಟಿ ಉಳಿದ ಹತ್ತಡಿ ಜಾಗದಲ್ಲಿ ಒಂದು ಕರಿಬೇವು, ಒಂದು ದಾಸವಾಳ, ನಿಂಬೆ, ನಾಲ್ಕು ಬದನೆ ಗಿಡ ಕಾಣುವುದು ಸಾಮಾನ್ಯ. ಜಾಗ ಇಲ್ಲದವರ ಗಿಡಗಳು ಮಾಳಿಗೆ ಏರುತ್ತವೆ. ಇವುಗಳ ಬಗ್ಗೆ ಅಕ್ಕಪಕ್ಕದ ಮನೆಯವರು ಆಡಿಕೊಳ್ಳುವ ಮಾತು ಹೆಚ್ಚಾಗಿ ಎರಡು: “ಎಲಿ ಹಳದಿ ಆಗ್ಲಿಕತ್ಯಾವ”, “ಹೂ ಬಿಡ್ತದ, ಕಾಯಿ ಹಿಡಿಯಲ್ಲ”. ಎರಡಕ್ಕೂ ಉತ್ತರವಾಗಿ ಯಾವುದೋ ಔಷಧದ ಹೆಸರು ಸಿಗುತ್ತದೆ. ಆದರೆ ಈ ಭಾಗದ ಮನೆತೋಟದಲ್ಲಿ ಔಷಧಕ್ಕೆ ಬಗ್ಗುವ ತೊಂದರೆ ಕಡಿಮೆ. ಬಹುಪಾಲು ತಕರಾರು ಮಣ್ಣಿನದು, ನೀರಿನದು, ಇಲ್ಲವೇ ಬೀಜ ಹಾಕಿದ ಹೊತ್ತಿನದು.

ದಖ್ಖನ್ ಪ್ರಸ್ಥಭೂಮಿಯ ಬಸಾಲ್ಟ್ ಕಲ್ಲು ಸವೆದು ಆದದ್ದು ಎರೆ ಮಣ್ಣು. ಅದರ ಜೇಡಿ ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಹೊಲಕ್ಕೆ ಇದು ವರ. ಮುಂಗಾರಿನ ಹಸಿಯನ್ನು ಒಡಲಲ್ಲಿ ಹಿಡಿದುಕೊಂಡು, ಮಳೆಯಿಲ್ಲದ ಚಳಿಗಾಲದಲ್ಲೂ ಬಿಳಿಜೋಳ, ಕಡಲೆ ಬೆಳೆಸುವ ಶಕ್ತಿ ಈ ಮಣ್ಣಿನದು. 2019ರಲ್ಲಿ ಭೌಗೋಳಿಕ ಸೂಚಕ ಪಡೆದ ಕಲಬುರಗಿಯ ತೊಗರಿ ಬೇಳೆಯ ರುಚಿಗೂ ಇದೇ ಮಣ್ಣು ಕಾರಣ ಎನ್ನುತ್ತಾರೆ. ಅದನ್ನೇ ಕುಂಡಕ್ಕೆ ತುಂಬಿದರೆ ಕಥೆ ಬೇರೆ. ಎರಡು ದಿನ ನೀರು ತಪ್ಪಿದ ಕುಂಡವನ್ನು ಬಗ್ಗಿ ನೋಡಿದರೆ ಮಣ್ಣು ಮುದ್ದೆಯಾಗಿ ಅಂಚಿನಿಂದ ಸರಿದಿರುತ್ತದೆ. ಸುತ್ತ ಬೆರಳಿನ ತುದಿ ತೂರುವಷ್ಟು ಸಂದಿ. ಒಂದು ತಂಬಿಗೆ ನೀರು ಹೊಯ್ದರೆ ಆ ಸಂದಿಯಲ್ಲೇ ಜಾರಿ ತಳದ ತೂತಿನಿಂದ ಹೊರಬೀಳುತ್ತದೆ. ಕೆಳಗೆ ನೀರು ಬಂತು, ಸಾಕಾಯಿತು ಎಂದು ಮನೆಯವರು ತಿಳಿಯುತ್ತಾರೆ. ಬೇರಿರುವ ನಡುವಿನ ಮುದ್ದೆಗೆ ಹನಿಯೂ ಮುಟ್ಟಿರುವುದಿಲ್ಲ. ಮಳೆಗಾಲದಲ್ಲಿ ಅದೇ ಕುಂಡದಲ್ಲಿ ನೀರು ಇಂಗದೆ ನಿಂತು ಬೇರು ಕೊಳೆಯುತ್ತದೆ. ಎರೆ ಒಂದು ಪಾಲು, ಮರಳು ಅಥವಾ ಕೆಂಪು ಮಣ್ಣು ಒಂದು ಪಾಲು, ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರ ಒಂದು ಪಾಲು ಬೆರೆಸಿದರೆ ಎರಡೂ ತೊಂದರೆ ಹಗುರಾಗುತ್ತವೆ. ಒಣಗಿ ಸಂದಿ ಬಿಟ್ಟ ಕುಂಡಕ್ಕೆ ಮೇಲಿಂದ ಹೊಯ್ಯುವ ಬದಲು, ಅದನ್ನೇ ನೀರು ತುಂಬಿದ ಬಕೆಟ್ಟಿನಲ್ಲಿ ಅರ್ಧ ಗಂಟೆ ಕೂಡಿಸಬೇಕು.

ಎಲೆ ಹಳದಿಯಾಗುವುದರಲ್ಲಿ ಮೂರು ಬಗೆ ಇವೆ, ಮೂರನ್ನೂ ಕಣ್ಣಿನಿಂದಲೇ ಬೇರೆ ಮಾಡಬಹುದು. ಬುಡದ ಹಳೆಯ ಎಲೆಗಳು ಒಂದೇ ಸಮನೆ ಹಳದಿಯಾದರೆ ಸಾಮಾನ್ಯವಾಗಿ ಅದು ಸಾರಜನಕದ ಕೊರತೆ. ಗೊಬ್ಬರ ಕೊಟ್ಟರೆ ಸರಿಹೋಗುತ್ತದೆ. ತುದಿಯ ಹೊಸ ಎಲೆ ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಬಲೆಯಂತೆ ಎದ್ದು ಕಂಡರೆ ಅದು ಕಬ್ಬಿಣದ ಕೊರತೆ. ದಾಸವಾಳ, ನಿಂಬೆ, ಗುಲಾಬಿಯಲ್ಲಿ ಇದು ಈ ಭಾಗದ ಮಾಮೂಲಿ ನೋಟ. ಎರೆ ಮಣ್ಣಿನಲ್ಲಿ ಕಬ್ಬಿಣ ಇಲ್ಲವೆಂದಲ್ಲ. ಸುಣ್ಣದಂಶ ಹೆಚ್ಚಿರುವ ಕ್ಷಾರ ಮಣ್ಣಿನಲ್ಲಿ ಅದು ಕರಗದೆ ಕಟ್ಟಿಬಿದ್ದಿರುತ್ತದೆ, ಬೇರಿಗೆ ದಕ್ಕುವುದಿಲ್ಲ. ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ ಎಂಬ ಕಬ್ಬಿಣದ ಉಪ್ಪು, ಅದಕ್ಕೆ ಒಂದಿಷ್ಟು ನಿಂಬೆ ರಸ ಸೇರಿಸಿ ಸಂಜೆ ಹೊತ್ತು ಎಲೆಗೆ ಸಿಂಪಡಿಸಿದರೆ ಮುಂದಿನ ಚಿಗುರು ಹಸಿರಾಗಿ ಬರುತ್ತದೆ. ಒಲೆಯ ಬೂದಿ ಒಳ್ಳೆಯ ಗೊಬ್ಬರವೆಂದು ಇಂಥ ಗಿಡದ ಬುಡಕ್ಕೆ ಸುರಿಯುವವರುಂಟು. ಬೂದಿಯೂ ಕ್ಷಾರವೇ, ಇಲ್ಲಿಯ ಮಣ್ಣಿಗೆ ಅದು ಗಾಯದ ಮೇಲಿನ ಬರೆ. ಮೂರನೆಯ ಬಗೆ ಬೆಂಡೆಯದು, ಕಬ್ಬಿಣದ ಕೊರತೆಗೆ ಸರಿಯಾಗಿ ತಿರುವುಮುರುವು: ನರಗಳು ಹಳದಿ, ನಡುವಿನ ಎಲೆ ಹಸಿರು. ಇದು ಬಿಳಿ ನೊಣ ಹೊತ್ತು ತರುವ ವೈರಸ್. ಇದಕ್ಕೆ ಮದ್ದಿಲ್ಲ, ಗಿಡ ಕಿತ್ತು ಹಾಕಿದರೆ ಪಕ್ಕದ ಗಿಡಗಳಾದರೂ ಉಳಿದಾವು.

ಹಿತ್ತಲಿನ ವರ್ಷ ಶುರುವಾಗುವುದು ಜೂನ್ ಮೊದಲ ವಾರ ಕೂಡುವ ಮಿರಗದಿಂದ, ಅಂದರೆ ಮೃಗಶಿರ ಮಳೆಯಿಂದ. ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಸುಮಾರು 700–800 ಮಿ.ಮೀ. ಮಳೆಯಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುತ್ತದೆ. ಪುಂಡಿ, ರಾಜಗಿರಿ, ಬೆಂಡೆ, ಚವಳಿ, ಹೀರೆ ಈ ಕಾಲದ ಬೆಳೆ. ಪುಂಡಿ ಎಂಥ ಸೋಮಾರಿಯ ಹಿತ್ತಲಿನಲ್ಲೂ ಬರುತ್ತದೆ. ತುದಿ ಚಿವುಟಿದಷ್ಟೂ ಕವಲೊಡೆಯುತ್ತದೆ. ಹೀರೆಯದು ಹಾಗಲ್ಲ. ಬಳ್ಳಿ ತುಂಬ ಹಳದಿ ಹೂ ಬಿಟ್ಟು ಒಂದೂ ಕಾಯಿ ಹಿಡಿಯಲಿಲ್ಲವೆಂಬ ದೂರು ಬರುವುದು ಇದರ ಮೇಲೆಯೇ. ಮೊದಲಿಗೆ ಬರುವವು ಗಂಡು ಹೂಗಳು, ಅವು ಗೊಂಚಲಾಗಿ ಬರುತ್ತವೆ. ಒಂಟಿಯಾಗಿ, ಹೂವಿನ ಹಿಂದೆ ಬೆರಳುದ್ದದ ಎಳೆಗಾಯಿ ಹೊತ್ತು ಬರುವುದು ಹೆಣ್ಣು ಹೂ. ಹೀರೆ ಹೂ ಅರಳುವುದು ಸಂಜೆಗೆ, ಜೇನು ಗೂಡಿಗೆ ಮರಳುವ ಹೊತ್ತಿಗೆ. ಸುತ್ತ ಸಿಮೆಂಟು ಇರುವ ಓಣಿಯಲ್ಲಿ ಪರಾಗ ಸಾಗಿಸುವ ಪತಂಗವೂ ಅಪರೂಪ. ಸಂಜೆ ದೀಪ ಹಚ್ಚುವ ಹೊತ್ತಿಗೆ ಹೋಗಿ, ಗಂಡು ಹೂವೊಂದನ್ನು ಕಿತ್ತು ಪಕಳೆ ಬಿಡಿಸಿ, ಪುಡಿ ಅಂಟಿದ ನಡುವಿನ ಭಾಗವನ್ನು ಹೆಣ್ಣು ಹೂವಿಗೆ ಸವರಿದರೆ ಸಾಕು. ಸೋರೆಗೂ ಸಂಜೆಯೇ ಹೊತ್ತು. ಕುಂಬಳಕ್ಕೆ ಮಾತ್ರ ಬೆಳಗಿನ ಜಾವ.

ಮಳೆಗಾಲದ ಇನ್ನೊಂದು ಅಚ್ಚರಿ ನಿಂಬೆ, ಕರಿಬೇವಿನ ಎಲೆಯ ಮೇಲೆ ಕಾಣುವ ಹಕ್ಕಿಯ ಹಿಕ್ಕೆ. ಮುಟ್ಟಿದರೆ ಅದು ಮಿಸುಕುತ್ತದೆ, ಕತ್ತಿನ ಹಿಂದಿನಿಂದ ಕೆಂಪು ಕವೆಯೊಂದನ್ನು ಚಾಚಿ ಕಟು ವಾಸನೆ ಬಿಡುತ್ತದೆ. ಅದು ನಿಂಬೆ ಚಿಟ್ಟೆಯ ಹುಳು. ದೊಡ್ಡದಾದಂತೆ ಹಸಿರಾಗಿ, ಎಳೆ ಗಿಡವಾದರೆ ನಾಲ್ಕೈದು ದಿನದಲ್ಲಿ ಬೋಳು ಮಾಡುತ್ತದೆ. ಕೈಯಿಂದ ಆರಿಸುವುದಕ್ಕಿಂತ ಒಳ್ಳೆಯ ಉಪಾಯ ಮನೆತೋಟಕ್ಕೆ ಬೇಕಿಲ್ಲ.

ಹಿತ್ತಲಿನ ನಿಜವಾದ ಸುಗ್ಗಿ ಹಿಂಗಾರು. ಹೊರಗಿನಿಂದ ಬಂದು ನೆಲೆಸಿದವರು ಬೇರೆ ಊರಿನ ಪಂಚಾಂಗ ಹಿಡಿದು ಫೆಬ್ರವರಿಯಲ್ಲಿ ಟೊಮೆಟೊ ಸಸಿ ಹಚ್ಚುತ್ತಾರೆ. ಹೂ ಬರುವ ಹೊತ್ತಿಗೆ ಬಿಸಿಲು 38 ಡಿಗ್ರಿ ಮುಟ್ಟಿರುತ್ತದೆ. ಹಗಲು 35 ಡಿಗ್ರಿ ದಾಟಿ ರಾತ್ರಿಯೂ ತಣಿಯದಿದ್ದರೆ ಟೊಮೆಟೊದ ಪರಾಗ ಸಾಯುತ್ತದೆ, ಹೂ ತೊಟ್ಟು ಕಳಚಿ ಉದುರುತ್ತದೆ. ಅದೇ ಸಸಿಯನ್ನು ಸೆಪ್ಟೆಂಬರ್ ಕೊನೆಗೆ ಹಚ್ಚಿದರೆ ಡಿಸೆಂಬರ್, ಜನವರಿಯಲ್ಲಿ ಬುಟ್ಟಿ ತುಂಬುತ್ತದೆ. ಆಗ ಬರುವ ದೂರು ಕಾಯಿಯ ತಳ ಕಪ್ಪಾಗಿ ಕೊಳೆಯುವುದು. ಕ್ಯಾಲ್ಸಿಯಂ ಕೊರತೆಯೆಂದು ಎಲ್ಲೋ ಓದಿ ಮೊಟ್ಟೆ ಸಿಪ್ಪೆ ಪುಡಿ ಮಾಡಿ ಹಾಕುತ್ತಾರೆ. ಸುಣ್ಣದಂಶ ಇಷ್ಟಿರುವ ಎರೆಗೆ ಮತ್ತೆ ಸುಣ್ಣ ಹಾಕಿ ಫಲವೇನು? ಕ್ಯಾಲ್ಸಿಯಂ ಕಾಯಿಯ ತುದಿಗೆ ತಲುಪುವುದು ನೀರಿನ ಜೊತೆಗೆ. ಒಂದು ದಿನ ಕೆಸರು, ಮೂರು ದಿನ ಬಿರುಕು ಎಂಬಂತೆ ನೀರು ಹೊಯ್ದರೆ ಅದು ತಲುಪುವುದಿಲ್ಲ. ದಿನವೂ ಒಂದೇ ಅಳತೆ, ಬುಡಕ್ಕೆ ಒಣಗಿದ ಎಲೆಯ ಹೊದಿಕೆ, ಇಷ್ಟೇ ಇದರ ಮದ್ದು.

ಮೆಂತ್ಯ, ಸಬ್ಬಸಗಿ, ಕೊತ್ತಂಬರಿ, ಅವರೆಯೂ ಈ ಕಾಲದವೇ. ಡಿಸೆಂಬರ್–ಜನವರಿಯಲ್ಲಿ ಬರುವ ಎಳ್ಳಮಾವಾಸ್ಯೆಯ ಭಜ್ಜಿಗೆ ಹಸಿಕಾಳು, ಸೊಪ್ಪು ಎಲ್ಲ ಒಟ್ಟಿಗೆ ಬೇಕು. ಹಿತ್ತಲಿದ್ದ ಮನೆಯಲ್ಲಿ ಅಂದಿಗೆ ಏನಾದರೂ ಒಂದು ಹಿಡಿ ಸಿಕ್ಕೇ ಸಿಗುತ್ತದೆ. ಇದೇ ಹೊತ್ತಿಗೆ ಊರಾಚೆಯ ತೊಗರಿ ಹೊಲಗಳ ಕಾಯಿಕೊರಕ ಹುಳುವಿನ ಪತಂಗ ಊರೊಳಗಿನ ಟೊಮೆಟೊವನ್ನೂ ಬಿಡುವುದಿಲ್ಲ. ದುಂಡನೆಯ ತೂತು, ಅರ್ಧ ದೇಹ ಕಾಯೊಳಗೆ ಅರ್ಧ ಹೊರಗೆ ಇರುವ ಹಸಿರು ಹುಳು, ಇದು ಅದರ ಗುರುತು. ಸೇವಂತಿಗೆಯದು ವಿಚಿತ್ರ ಸಮಸ್ಯೆ. ಗಿಡ ಹುಲುಸಾಗಿ ಬೆಳೆದರೂ ಮೊಗ್ಗು ಬರದಿದ್ದರೆ ಗೊಬ್ಬರ ಬದಲಿಸುವ ಮುನ್ನ ರಾತ್ರಿ ಹೊರಗೆ ಬಂದು ನೋಡಬೇಕು. ರಾತ್ರಿ ಉದ್ದವಾದಾಗ ಮೊಗ್ಗು ಕಟ್ಟುವ ಗಿಡ ಅದು. ಬೀದಿ ದೀಪ ನೇರ ಅದರ ಮೇಲೆ ಬೀಳುತ್ತಿದ್ದರೆ ಗಿಡಕ್ಕೆ ಕಾರ್ತಿಕ ಬಂದದ್ದೇ ಗೊತ್ತಾಗುವುದಿಲ್ಲ. ಕುಂಡವನ್ನು ಗೋಡೆಯ ಮರೆಗೆ ಸರಿಸಿದರೆ ಮೊಗ್ಗು ಮೂಡುತ್ತದೆ.

ಏಪ್ರಿಲ್, ಮೇ ತಿಂಗಳಲ್ಲಿ ಪಾದರಸ 42 ಡಿಗ್ರಿ ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ಆಗ ಗಿಡ ಬೆಳೆಸುವ ಮಾತಿಲ್ಲ, ಉಳಿಸಿಕೊಳ್ಳುವ ಮಾತಷ್ಟೇ. ಶಹಾಬಾದಿ ಕಲ್ಲು ಹಾಸಿದ ಅಂಗಳ, ಮಾಳಿಗೆ ಮಧ್ಯಾಹ್ನಕ್ಕೆ ಹಂಚಿನಂತೆ ಕಾಯುತ್ತವೆ. ನೇರ ಅದರ ಮೇಲಿಟ್ಟ ಕುಂಡದ ಬೇರು ಬೇಯುತ್ತದೆ. ಎರಡು ಇಟ್ಟಿಗೆಯ ಮೇಲೆ ಎತ್ತಿಟ್ಟು, ಪಶ್ಚಿಮಕ್ಕೆ ಹಸಿರು ಬಲೆ ಕಟ್ಟಿ, ಬೆಳಕು ಹರಿಯುವ ಮುನ್ನ ನೀರು ಕೊಡುವುದು ವಾಡಿಕೆ. ಬೋರ್ ನೀರು ಗಡಸು. ಕುಂಡದ ಹೊರಮೈಯಲ್ಲಿ ಬಿಳಿ ಪೊರೆ ಕಟ್ಟಿದರೆ, ಎಲೆಯ ಅಂಚು ಸುಟ್ಟಂತೆ ಕಂಡರೆ ಅದು ಉಪ್ಪು; ಮೊದಲ ದೊಡ್ಡ ಮಳೆಗೆ ಕುಂಡಗಳನ್ನು ಬಯಲಿಗಿಟ್ಟರೆ ಬಹಳಷ್ಟು ತೊಳೆದುಹೋಗುತ್ತದೆ. ಈ ಉರಿಯಲ್ಲೂ ನಗುವುದು ದುಂಡುಮಲ್ಲಿಗೆ. ಚಳಿಗಾಲದಲ್ಲಿ ನೀರು ಕಡಿಮೆ ಮಾಡಿ, ಸವರಿ ಬಿಟ್ಟ ಗಿಡ ಮಾರ್ಚ್‌ನಿಂದ ಮೊಗ್ಗು ಕೊಡತೊಡಗುತ್ತದೆ.

ನೆಲ ಬದಲಾದರೆ ಫಲ ಎಷ್ಟು ಬದಲಾಗುತ್ತದೆ ಎನ್ನುವುದಕ್ಕೆ ಕಮಲಾಪುರಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಕಲಬುರಗಿಯಿಂದ ಹುಮನಾಬಾದ್ ಕಡೆ ಮೂವತ್ತು-ನಲವತ್ತು ಕಿ.ಮೀ. ದೂರದ ಈ ಊರಿನ ಕಣಿವೆಯಲ್ಲಿ ಕೆಂಪು ಮಣ್ಣು, ನೀರಿನ ಆಸರೆ ಎರಡೂ ಇವೆ. ಭೌಗೋಳಿಕ ಸೂಚಕ ಪಡೆದ ಕೆಂಪು ಬಾಳೆ ಅಲ್ಲಿಯದು. ಸಿಪ್ಪೆ ಕೆಂಪು, ತಿರುಳು ಕೆನೆಬಣ್ಣ. ಬೇರೆ ಬಾಳೆ ವರ್ಷದೊಳಗೆ ಗೊನೆ ಕೊಟ್ಟರೆ ಇದಕ್ಕೆ ಹದಿನೆಂಟು ತಿಂಗಳವರೆಗೂ ಕಾಯಬೇಕು. ಅಲ್ಲಿಂದ ಒಂದು ಕಂದು ತಂದು ಎರೆ ಹಿತ್ತಲಿನಲ್ಲಿ ಊರಿದವರು ಬಲಿಯುವ ಮುನ್ನವೇ ಅದನ್ನು ನೀರು ನಿಂತ ಬುಡಕ್ಕೋ ಬೇಸಿಗೆಯ ಬಿಸಿಗಾಳಿಗೋ ಕಳೆದುಕೊಳ್ಳುವುದುಂಟು. ತಂದವರ ತಪ್ಪೂ ಅಲ್ಲ, ಕೊಟ್ಟವರ ಕಂದಿನದ್ದೂ ಅಲ್ಲ. ಬಾಳೆ ಬೇಕೇಬೇಕೆಂದರೆ ಬಚ್ಚಲ ನೀರು ಹರಿದುಹೋಗುವ ಇಳಿಜಾರಿನಲ್ಲಿ, ದಿಬ್ಬ ಮಾಡಿ, ಗಾಳಿಗೆ ಗೋಡೆಯ ಮರೆಯಿರುವ ಕಡೆ ಹಚ್ಚಬೇಕು.

ಮೇ ಕೊನೆಗೆ, ರೋಹಿಣಿ ಮಳೆಯ ಹೊತ್ತಿಗೆ, ಬೀಜದ ಗಂಟುಗಳು ಬಿಚ್ಚಿಕೊಳ್ಳುತ್ತವೆ. ಬಳ್ಳಿಯಲ್ಲೇ ಒಣಗಿ ಗಲಗಲ ಎನ್ನುವ ಹೀರೆಕಾಯಿಯ ತುದಿ ಮುರಿದರೆ ಕರಿ ಬೀಜ ತಾವಾಗಿ ಸುರಿಯುತ್ತವೆ. ಅವನ್ನು ಬೂದಿಯಲ್ಲಿ ಕಲಸಿ ಡಬ್ಬಿಯಲ್ಲಿಟ್ಟಿದ್ದರೆ ಹುಳು ಹಿಡಿಯುವುದಿಲ್ಲ. ಎರೆ ಮಣ್ಣಿಗೆ ಬೇಡವಾದ ಬೂದಿ ಇಲ್ಲಿ ಕೆಲಸಕ್ಕೆ ಬರುತ್ತದೆ. ಪಕ್ಕದ ಮನೆಗೆ ಹೋಗುವ ಪೊಟ್ಟಣದಲ್ಲಿ ಒಂದು ಹಿಡಿ ಪುಂಡಿ, ಹತ್ತು ಹೀರೆ ಬೀಜ. ಕೊಡುವವರು ಅದರ ಜೊತೆಗೆ ಯಾವ ಮಳೆಗೆ ಹಾಕಿದ್ದು, ಯಾವ ಮಣ್ಣಿನಲ್ಲಿ ಬಂದದ್ದು, ನಳದ ನೀರೋ ಬೋರ್ ನೀರೋ ಎಂದೂ ಹೇಳಿದರೆ, ಪೊಟ್ಟಣ ಬಿಚ್ಚುವವರಿಗೆ ಅರ್ಧ ಕೆಲಸ ಮುಗಿದಿರುತ್ತದೆ. ಮಿರಗಕ್ಕೆ ಆಗ ಒಂದೆರಡು ವಾರವಷ್ಟೇ ಉಳಿದಿರುತ್ತದೆ.