ನಿಮಗಿದು ಗೊತ್ತೇ? ವಜ್ರದ ಬಿಲ್ಲು ಓದುವ ಮುನ್ನ

ದಾವಣಗೆರೆಯ ಮಂಡಿಪೇಟೆಯಲ್ಲಿ ವಜ್ರದ ಓಲೆ ಕೊಂಡಿರೆನ್ನಿ. ಬಿಲ್ಲಿನಲ್ಲಿ ಕ್ಯಾರೆಟ್ ಎರಡು ಕಡೆ ಬರುತ್ತದೆ. 18 ಕ್ಯಾರೆಟ್ ಎಂದಿದ್ದರೆ ಬಂಗಾರದ ಶುದ್ಧತೆ, 24 ಪಾಲಿನಲ್ಲಿ 18 ಪಾಲು. 0.50 ಕ್ಯಾರೆಟ್ ಎಂದಿದ್ದರೆ ವಜ್ರದ ತೂಕ. ಒಂದು ಕ್ಯಾರೆಟ್‌ಗೆ 200 ಮಿಲಿಗ್ರಾಂ, ಅದರ ನೂರನೇ ಒಂದು ಪಾಲೇ ಸೆಂಟು. ಓಲೆಯ ಒಟ್ಟು ತೂಕ 5 ಗ್ರಾಂ, ಅದರಲ್ಲಿ ವಜ್ರ 50 ಸೆಂಟು ಇದ್ದರೆ ಬಂಗಾರದ ರೇಟು ಬೀಳಬೇಕಾದದ್ದು 4.9 ಗ್ರಾಮಿಗೆ ಮಾತ್ರ. ಉಳಿದ 0.1 ಗ್ರಾಂ ಕಲ್ಲಿನದು. ಬಿಲ್ಲಿನ ‘ಗ್ರಾಸ್’, ‘ನೆಟ್’ ಎರಡನ್ನೂ ನೋಡಿ. ಈಗಿನ ರೇಟಿಗೆ ಅದೇನು ಸಣ್ಣ ಮೊತ್ತವಲ್ಲ.

ವಜ್ರದ ಬಣ್ಣದ ಶ್ರೇಣಿ ‘ಡಿ’ಯಿಂದ ಶುರುವಾಗಿ ‘ಝಡ್’ಗೆ ಮುಗಿಯುತ್ತದೆ. ‘ಎ’ ಯಾಕಿಲ್ಲ? ಹಿಂದೆ ವ್ಯಾಪಾರಿಗಳು ತಂತಮ್ಮ ಮಾಲಿಗೆ ಎ, ಎಎ ಎಂದೆಲ್ಲ ಹೆಸರಿಟ್ಟು ಗೊಂದಲ ಎಬ್ಬಿಸಿದ್ದರು. ಅದಕ್ಕೇ 1953ರಲ್ಲಿ ಅಮೆರಿಕದ ಜಿಐಎ ಸಂಸ್ಥೆ ಆ ಅಕ್ಷರಗಳ ತಂಟೆಗೇ ಹೋಗಲಿಲ್ಲ. ‘ಡಿ’ ನೀರಿನಂತೆ ತಿಳಿ; ಕೆಳಗಿಳಿದಂತೆ ಹಳದಿ ಛಾಯೆ.

ಬೋರ್ಡುಗಳಲ್ಲಿ ಮಿಂಚುವ ‘ವಿವಿಎಸ್’ ಕಲ್ಲಿನೊಳಗಿನ ಕಲೆಯ ಲೆಕ್ಕ. ಹತ್ತು ಪಟ್ಟು ದೊಡ್ಡದು ಮಾಡುವ ಮಸೂರದಲ್ಲಿ ನೋಡಿ ಕೊಡುವ ದರ್ಜೆ ಅದು. ಅದರ ಕೆಳಗಿನ ‘ವಿಎಸ್’ ಕಲ್ಲಿನ ಕಲೆಯೂ ಬರಿಗಣ್ಣಿಗೆ ಸಾಮಾನ್ಯವಾಗಿ ಕಾಣದು. ಮೂಗುಬೊಟ್ಟಿಗೆ ಅದೇ ಧಾರಾಳ ಸಾಕು.

ಹೊಳಪು ತರುವುದು ಬಣ್ಣವಲ್ಲ, ಕಟಿಂಗ್. ದುಂಡು ವಜ್ರಕ್ಕೆ 57 ಅಥವಾ 58 ಮುಖ. ಅವುಗಳ ಕೋನದ ಲೆಕ್ಕವನ್ನು ಮಾರ್ಸೆಲ್ ಟೋಲ್ಕೋವ್ಸ್ಕಿ 1919ರಲ್ಲಿ ಪುಸ್ತಕವಾಗಿಯೇ ಬರೆದ. ಕಲ್ಲು ತೀರ ಆಳವಾದರೆ ಬೆಳಕು ತಳದಿಂದಲೇ ಸೋರಿಹೋಗುತ್ತದೆ, ತೂಕವೂ ಹೊಟ್ಟೆಯಲ್ಲಿ ಅಡಗುತ್ತದೆ. ಸರಿಯಾಗಿ ಕೊಯ್ದ ಒಂದು ಕ್ಯಾರೆಟ್ ದುಂಡು ಕಲ್ಲು ಸುಮಾರು 6.5 ಮಿಲಿಮೀಟರ್ ಅಗಲ ಇರಬೇಕು. ಅಂಗಡಿಯಲ್ಲಿ ಮೊದಲು ಕೇಳಬೇಕಾದ್ದು ಇದನ್ನೇ ಎಂದು ನನ್ನ ಅಂಬೋಣ.

ಅಜ್ಜಿಯರು ಹೊಗಳುವ ನೀಲಿ ಹೊಳಪಿನ ‘ಬ್ಲೂ ಜಾಗರ್’ ವಜ್ರ ದಕ್ಷಿಣ ಆಫ್ರಿಕದ ಯಾಗರ್ಸ್‌ಫಾಂಟೈನ್ ಗಣಿಯ ಹೆಸರಿನದು. ಆ ಗಣಿ 1971ರಲ್ಲೇ ಮುಚ್ಚಿತು. ಆ ನೀಲಿ ಹೊಳಪಿಗೆ ಬಿಸಿಲಿನ ನೇರಳಾತೀತ ಕಿರಣ ಕಾರಣ. ಹಿಂಬದಿ ಮುಚ್ಚಿದ ‘ಕ್ಲೋಸ್ ಸೆಟ್ಟಿಂಗ್’ ಓಲೆಯಲ್ಲಿ ಕಲ್ಲಿನ ನಿಜಬಣ್ಣ ಅಳೆಯುವುದು ಕಷ್ಟ; ಬಿಡಿಯಾಗಿದ್ದಾಗ ನೋಡಿದ ದರ್ಜೆಯೇ ದರ್ಜೆ.

ರತ್ನಪರೀಕ್ಷೆ ನಮಗೆ ಹೊಸತಲ್ಲ. ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಅದಕ್ಕೊಂದು ಭಾಗವೇ ಇದೆ. ಹಳೆಯ ರತ್ನಶಾಸ್ತ್ರಗಳಿಗೆ ಎಂಟು ಮುಖ, ಆರು ಮೊನೆ, ಹನ್ನೆರಡು ಅಂಚಿನ ಕಲ್ಲೇ ಶ್ರೇಷ್ಠ: ಭೂಮಿಯಿಂದ ಬಂದ ಹಾಗೇ, ಕೊಯ್ಯದ್ದು. ವಿಜಯನಗರಕ್ಕೆ ಬಂದಿದ್ದ ನೂನಿಜ್ ಬರೆದಂತೆ, ಗುತ್ತಿ ಸೀಮೆಯ ಗಣಿಯಲ್ಲಿ 20 ‘ಮಂಗೆಲಿನ್’ ತೂಕ ಮೀರಿದ ವಜ್ರವೆಲ್ಲ ಅರಸನ ಬೊಕ್ಕಸಕ್ಕೆ.

ದರ್ಜೆಗೇ ನಿಲುಕದ ವಜ್ರಗಳು ಏನಾಗುತ್ತವೆ? ಕೆಲಸಕ್ಕೆ ಸೇರುತ್ತವೆ! ಕಿರ್ಲೋಸ್ಕರ್ ಲೇತಿಗೆ ಹೆಸರಾದ ಹರಿಹರದಲ್ಲಿ ಯಾವ ಹಳೇ ಮೆಷಿನಿಸ್ಟರನ್ನು ಕೇಳಿದರೂ ‘ಡೈಮಂಡ್ ಡ್ರೆಸ್ಸರ್’ ಗೊತ್ತು. ಉಕ್ಕಿನ ಕಡ್ಡಿಯ ತುದಿಗೆ ಕೂರಿಸಿದ ಒಂದು ಮಬ್ಬು ಹರಳು. ತಿರುಗುವ ಗ್ರೈಂಡಿಂಗ್ ಚಕ್ರಕ್ಕೆ ಒತ್ತಿದರೆ ಅದರ ಸವೆದ ಮೈಯನ್ನು ಕೆರೆದು ಸಮ ಮಾಡುತ್ತದೆ.

‘ಅಮೆರಿಕನ್ ಡೈಮಂಡ್’ ವಜ್ರವೇ ಅಲ್ಲ, ಜಿರ್ಕೋನಿಯಾ. ಅದೇ ಗಾತ್ರದ ವಜ್ರಕ್ಕಿಂತ ಹೆಚ್ಚು ತೂಗುತ್ತದೆ.

ಇನ್ನೊಂದು. ಒಡವೆಯ ಮೇಲಿನ ಹಾಲ್‌ಮಾರ್ಕ್, ಅಕ್ಷರ, ಅಂಕಿ ಸೇರಿ ಆರು ಸ್ಥಾನದ ಎಚ್‌ಯುಐಡಿ ಬಂಗಾರಕ್ಕಷ್ಟೇ ಸಾಕ್ಷಿ. ವಜ್ರಕ್ಕೆ ಸರ್ಟಿಫಿಕೇಟ್ ಬೇರೆಯೇ ಬೇಕು. ದೊಡ್ಡ ಕಲ್ಲಾದರೆ ಸರ್ಟಿಫಿಕೇಟಿನ ನಂಬರನ್ನು ಕಲ್ಲಿನ ಸೊಂಟದ ಅಂಚಿನಲ್ಲಿ ಲೇಸರಿನಿಂದ ಕೊರೆದಿರುವುದುಂಟು. ಮಸೂರ ಕೇಳಿ ಪಡೆದು ಎರಡನ್ನೂ ತಾಳೆ ನೋಡಿ.