ಸಿಗಾರ್ ಪ್ರಿಯರಿಗೂ ಬೇಕೆ ಒಂದು ಪ್ರಮಾಣಪತ್ರ?

ನೆಲದ ಮೇಲೆ ಬಿದ್ದ ಬೂದಿಯನ್ನು ನೋಡಿಯೇ ಕೊಲೆಗಾರ ಸೇದಿದ್ದು ತಿರುಚಿರಾಪಳ್ಳಿಯ ಚುಟ್ಟಾ ಎಂದು ಹೇಳಿಬಿಟ್ಟವನು ಷರ್ಲಾಕ್ ಹೋಮ್ಸ್. 1887ರಲ್ಲಿ ಪ್ರಕಟವಾದ ಅವನ ಮೊದಲ ಸಾಹಸಕಥೆಯ ಸಂಗತಿಯಿದು. 140 ಬಗೆಯ ತಂಬಾಕಿನ ಬೂದಿಯನ್ನು ಕುರಿತು ತಾನೊಂದು ಪ್ರಬಂಧವನ್ನೇ ಬರೆದಿದ್ದೇನೆಂದು ಆತ ಮುಂದೆ ಹೇಳಿಕೊಳ್ಳುತ್ತಾನೆ. ಆ ಕಾಲದಲ್ಲಿ ಇಂಥ ವಿದ್ಯೆಗೆ ಪಠ್ಯಕ್ರಮವಿರಲಿಲ್ಲ, ಪರೀಕ್ಷೆಯೂ ಇರಲಿಲ್ಲ. ಇಂದು ಎರಡೂ ಇವೆ.

ಅಮೆರಿಕದ 'ಟೊಬ್ಯಾಕನಿಸ್ಟ್ ಯೂನಿವರ್ಸಿಟಿ' ಇದಕ್ಕೆ ಮುಖ್ಯ ನಿದರ್ಶನ. ಹೆಸರಿನಲ್ಲಿ ವಿಶ್ವವಿದ್ಯಾಲಯವೆಂದಿದ್ದರೂ ಇದು ನಮಗೆ ಪರಿಚಿತವಾದ ಅರ್ಥದ ವಿಶ್ವವಿದ್ಯಾಲಯವಲ್ಲ. ತಂಬಾಕಿನ ಬಗ್ಗೆ ಜಾಲತಾಣದ ಮೂಲಕ ಪಾಠ ಹೇಳಿ ಪರೀಕ್ಷೆ ನಡೆಸುವ ಸಂಸ್ಥೆ. ಸ್ಥಾಪಿಸಿದ ಹೋರ್ಹೆ ಅರ್ಮೆಂಟೆರೋಸ್ ಸ್ವತಃ ಸಿಗಾರ್ ಅಂಗಡಿ ನಡೆಸಿದವರು. ಅಂಗಡಿಯವರಿಗೆ ಒಂದು ಪ್ರಮಾಣಪತ್ರ, ಹವ್ಯಾಸಿ ಗ್ರಾಹಕರಿಗೆ 'ಸರ್ಟಿಫೈಡ್ ಕನ್ಸ್ಯೂಮರ್ ಟೊಬ್ಯಾಕನಿಸ್ಟ್' ಎಂಬ ಇನ್ನೊಂದು. ಅತ್ತ ಕ್ಯೂಬಾದ ಸಿಗಾರ್ ರಫ್ತನ್ನು ನೋಡಿಕೊಳ್ಳುವ, 1994ರಲ್ಲಿ ಸ್ಥಾಪನೆಯಾದ ಹಬಾನೋಸ್ ಕಂಪನಿಯೂ ತನ್ನದೇ ತರಬೇತಿ ವ್ಯವಸ್ಥೆಯನ್ನು ಹೊಂದಿದೆ. ಹವಾನಾದ ಸಿಗಾರ್ ಉತ್ಸವದ ಅಂಗವಾಗಿ ಹೋಟೆಲ್ ಪರಿಚಾರಕರಿಗೆ ಅದು ನಡೆಸಿಕೊಂಡು ಬಂದಿರುವ ಸ್ಪರ್ಧೆ ಆ ವಲಯದಲ್ಲಿ ಪ್ರತಿಷ್ಠೆಯ ವಿಷಯ.

ಅಂಗಡಿಯವನಿಗೂ ಪರಿಚಾರಕನಿಗೂ ಇದರಿಂದ ಆಗುವ ಲಾಭ ಸ್ಪಷ್ಟವೇ ಇದೆ. ಆದರೆ ತಿಂಗಳಿಗೊಮ್ಮೆಯೋ ವಾರಕ್ಕೊಮ್ಮೆಯೋ ಸಿಗಾರ್ ಹಚ್ಚುವ ಹವ್ಯಾಸಿಗೆ ಇದರಿಂದೇನು ಪ್ರಯೋಜನ?

ಎಲೆಯೊಳಗಿನ ಪಾಠ

ಕಲಿಯುವುದಕ್ಕೆ ವಿಷಯವೇ ಇಲ್ಲವೆನ್ನುವಂತಿಲ್ಲ. ಕೈಯಲ್ಲಿ ಸುತ್ತಿದ ಸಿಗಾರ್‌ಗೆ ಮೂರು ಪದರಗಳಿರುತ್ತವೆ: ಒಳಗೆ ತುಂಬುವ ಎಲೆ, ಅದನ್ನು ಹಿಡಿದಿಡುವ ಎಲೆ, ಹೊರಗೆ ಕಾಣುವ ಹೊದಿಕೆಯ ಎಲೆ. ಗಿಡದ ಯಾವ ಭಾಗದಿಂದ ಕಿತ್ತ ಎಲೆ ಎಂಬುದರ ಮೇಲೆ ಅದರ ಗುಣ ನಿಲ್ಲುತ್ತದೆ. ತುದಿಯಲ್ಲಿ ಬಿಸಿಲುಂಡು ದಪ್ಪವಾದ ಎಲೆ 'ಲಿಹೇರೋ'. ಖಾರವೂ ನಿಕೋಟಿನ್ ಅಂಶವೂ ಇದರಲ್ಲಿ ಹೆಚ್ಚು. ನಡುವಿನದು 'ಸೇಕೋ', ಪರಿಮಳಕ್ಕೆ. ಬುಡದ 'ವೊಲಾದೋ' ಸರಾಗವಾಗಿ ಉರಿಯುವುದಕ್ಕೆ.

ಇಲ್ಲಿ ನಮ್ಮ ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪನ್ನು ಕಂಡವರಿಗೆ ಒಂದು ವ್ಯತ್ಯಾಸ ಹೇಳಬೇಕು. ಮೈಸೂರು ಸೀಮೆಯ ರೈತರು ಬ್ಯಾರನ್‌ಗಳಲ್ಲಿ ಸೌದೆ ಉರಿಸಿ, ಕೊಳವೆಗಳ ಮೂಲಕ ಬಿಸಿ ಹಾಯಿಸಿ ಕೆಲವೇ ದಿನಗಳಲ್ಲಿ ಎಲೆಯನ್ನು ಹದ ಮಾಡುತ್ತಾರೆ. ಅದು ಸಿಗರೇಟಿನ ತಂಬಾಕು. ಸಿಗಾರ್ ಎಲೆಯಾದರೋ ಗಾಳಿಯಲ್ಲಿ ವಾರಗಟ್ಟಲೆ ಒಣಗಿ, ಬಳಿಕ ದೊಡ್ಡ ರಾಶಿಗಳಲ್ಲಿ ಹುದುಗಬೇಕು. ರಾಶಿಯ ಒಡಲು ತಾನಾಗಿಯೇ ಕಾವೇರುತ್ತದೆ, ಅಮೋನಿಯಾ ಹೊರಬೀಳುತ್ತದೆ. ಕೆಲಸಗಾರರು ರಾಶಿಯನ್ನು ಮತ್ತೆ ಮತ್ತೆ ಒಡೆದು, ಒಳಗಿನದನ್ನು ಹೊರಗೆ ಮಾಡಿ ಪೇರಿಸುತ್ತಾರೆ.

ಇಷ್ಟು ತಿಳಿದವನಿಗೆ ಒಂದು ಸಾಮಾನ್ಯ ತಪ್ಪುಗ್ರಹಿಕೆ ತಾನಾಗಿ ನೀಗುತ್ತದೆ. ಕಪ್ಪಗಿರುವ ಸಿಗಾರ್ ತೀಕ್ಷ್ಣ, ತಿಳಿಬಣ್ಣದ್ದು ಸೌಮ್ಯ ಎಂದು ಹೊಸಬರು ನಂಬುತ್ತಾರೆ. ಹೊದಿಕೆಯ ಕಪ್ಪು ಬಹುಮಟ್ಟಿಗೆ ಹೆಚ್ಚು ಹುದುಗಿಸಿದ್ದರ ಫಲ. ತೀಕ್ಷ್ಣತೆ ನಿರ್ಧಾರವಾಗುವುದು ಒಳಗೆ ಎಷ್ಟು ಲಿಹೇರೋ ಸೇರಿದೆ ಎಂಬುದರಿಂದ. ಶೇಖರಣೆಯ ಪಾಠವೂ ಉಪಯುಕ್ತವೇ. ಸುಮಾರು 65ರಿಂದ 70 ಶೇಕಡಾ ತೇವಾಂಶ, 20 ಡಿಗ್ರಿ ಆಸುಪಾಸಿನ ಉಷ್ಣಾಂಶ ಬೇಕು. ತೇವ ಹೆಚ್ಚಿದರೆ ಬೂಷ್ಟು, ಬಿಸಿ ಹೆಚ್ಚಿದರೆ ಎಲೆಯಲ್ಲಡಗಿದ ಮೊಟ್ಟೆಯೊಡೆದು ತಂಬಾಕಿನ ಜೀರುಂಡೆ.

ನಕಲಿಗೆ ಬಲಿಯಾಗುವ ಮುನ್ನ

ಜೇಬಿಗೆ ನೇರವಾಗಿ ಸಂಬಂಧಿಸಿದ ಲಾಭವೊಂದಿದ್ದರೆ ಅದು ನಕಲಿಯನ್ನು ಗುರುತಿಸುವ ತಿಳಿವಳಿಕೆ. 1962ರ ಫೆಬ್ರವರಿಯಲ್ಲಿ ಜಾರಿಗೆ ಬಂದ ದಿಗ್ಬಂಧನದಿಂದಾಗಿ ಅಮೆರಿಕದ ಅಂಗಡಿಗಳಲ್ಲಿ ಕ್ಯೂಬಾ ಸಿಗಾರ್ ಮಾರುವಂತಿಲ್ಲ. 2016ರಲ್ಲಿ ಪ್ರವಾಸಿಗರಿಗೆ ಸ್ವಂತ ಬಳಕೆಗೆ ತರಲು ಸಿಕ್ಕ ರಿಯಾಯಿತಿಯನ್ನು 2020ರಲ್ಲಿ ಹಿಂಪಡೆಯಲಾಯಿತು. ನಿಷೇಧವಿದ್ದಲ್ಲಿ ಆಸೆ ಹೆಚ್ಚು, ಆಸೆಯಿದ್ದಲ್ಲಿ ಮೋಸ. ಕೆರಿಬಿಯನ್ ಕಡಲತೀರಗಳಲ್ಲಿ ಪ್ರವಾಸಿಗರಿಗೆ ಗಾಜಿನ ಮುಚ್ಚಳದ ಪೆಟ್ಟಿಗೆಯಲ್ಲಿಟ್ಟು 'ಕೊಹೀಬಾ' ಮಾರುವವರಿದ್ದಾರೆ. ಅಸಲಿ ಕೊಹೀಬಾ ಗಾಜಿನ ಮುಚ್ಚಳದಲ್ಲಿ ಬರುವುದೇ ಇಲ್ಲ. ಕ್ಯೂಬಾ ಸರ್ಕಾರದ ಖಾತರಿ ಮುದ್ರೆ 1912ರಷ್ಟು ಹಿಂದಿನಿಂದ ಬಂದದ್ದು. ಪೆಟ್ಟಿಗೆಯ ತಳದಲ್ಲಿ 'ಹೆಚೋ ಎನ್ ಕೂಬಾ' ಎಂಬ ಗುರುತು, ಕಾರ್ಖಾನೆಯ ಸಂಕೇತ, ಪೆಟ್ಟಿಗೆ ತುಂಬಿದ ತಿಂಗಳು ಇರುತ್ತವೆ.

ಆದರೆ ಈ ತಿಳಿವಳಿಕೆಗೆ ಪ್ರಮಾಣಪತ್ರವೇ ಬೇಕೆ? ಇದುವರೆಗೆ ಹೇಳಿದ ಸಂಗತಿಗಳಲ್ಲಿ ಒಂದೂ ಗುಟ್ಟಿನದಲ್ಲ. ಒಳ್ಳೆಯದೊಂದು ಪುಸ್ತಕ, ಬಲ್ಲವನೊಬ್ಬ ಅಂಗಡಿಯಾತ, ಒಂದು ತೇವಮಾಪಕ ಇದ್ದರೆ ಹವ್ಯಾಸಿಯ ಕೆಲಸ ನಡೆಯುತ್ತದೆ. ಪರೀಕ್ಷೆಯಿಂದ ಸಿಗುವುದು ಕ್ರಮಬದ್ಧ ಓದಿನ ಒತ್ತಾಯ, ಜೊತೆಗೆ ಗೋಡೆಗೆ ತೂಗುಹಾಕಲೊಂದು ಕಾಗದ. ಅದೂ ಒಂದು ಸಂತೋಷವೇ, ಅಲ್ಲಗಳೆಯುವುದು ಬೇಡ.

ಕಾಫಿಯಂತಲ್ಲ, ವೈನಿನಂತಲ್ಲ

ಸಿಗಾರ್ ವಲಯದವರು ತಮ್ಮ ಪರೀಕ್ಷೆಗಳನ್ನು ವೈನ್ ಶಿಕ್ಷಣಕ್ಕೆ ಹೋಲಿಸಿಕೊಳ್ಳುವುದುಂಟು. ಲಂಡನ್ನಿನ ವೈನ್ ಅಂಡ್ ಸ್ಪಿರಿಟ್ ಎಜುಕೇಷನ್ ಟ್ರಸ್ಟ್ 1969ರಿಂದ ಇದೆ. ನಮ್ಮ ಬೆಂಗಳೂರಿನಲ್ಲೇ ಕಾಫಿ ಮಂಡಳಿಯ 'ಕಾಪಿ ಶಾಸ್ತ್ರ' ತರಬೇತಿಯಿದೆ. ಹೋಲಿಕೆ ಅರ್ಧ ದಾರಿಯವರೆಗೆ ಮಾತ್ರ ಸರಿ. ಕಾಫಿಯ ರುಚಿ ನೋಡುವವನು ಚಮಚದಲ್ಲಿ ಹೀರಿ ಉಗುಳುತ್ತಾನೆ, ವೈನಿನವನೂ ಅಷ್ಟೆ. ಹೀಗಾಗಿ ಒಂದೇ ಬೆಳಗಿನಲ್ಲಿ ಹತ್ತಾರು ಮಾದರಿಗಳನ್ನು ಹೋಲಿಸಿ ನಾಲಗೆಯನ್ನು ಪಳಗಿಸಲು ಸಾಧ್ಯ. ಸಿಗಾರ್‌ನಲ್ಲಿ ಉಗುಳುವ ಮಾತಿಲ್ಲ. ಹೊಗೆಯನ್ನು ಒಳಗೆಳೆಯದಿದ್ದರೂ ಅದರ ಕ್ಷಾರಗುಣದಿಂದಾಗಿ ನಿಕೋಟಿನ್ ಬಾಯಿಯ ಒಳಪೊರೆಯ ಮೂಲಕವೇ ರಕ್ತ ಸೇರುತ್ತದೆ. ಅಂದರೆ ರುಚಿಜ್ಞಾನ ಹೆಚ್ಚಿಸಿಕೊಳ್ಳಬೇಕೆಂದರೆ ಹೆಚ್ಚು ಸೇದಬೇಕು. ಹವ್ಯಾಸಿಯ ಮಟ್ಟಿಗೆ ಈ ಶಿಕ್ಷಣದ ನಿಜವಾದ ಶುಲ್ಕ ಇದು.

'ನಾನು ಹೊಗೆ ನುಂಗುವುದಿಲ್ಲ, ನನಗೇನೂ ಆಗದು' ಎಂಬ ಮಾತು ಸಿಗಾರ್ ಪ್ರಿಯರಲ್ಲಿ ಬಹಳ ಕೇಳಿಬರುತ್ತದೆ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 1998ರಲ್ಲೇ ಸಿಗಾರ್ ಕುರಿತು ಪ್ರತ್ಯೇಕ ಗ್ರಂಥ ಪ್ರಕಟಿಸಿ, ಬಾಯಿ, ಗಂಟಲು, ಅನ್ನನಾಳ, ಶ್ವಾಸಕೋಶಗಳ ಕ್ಯಾನ್ಸರಿನೊಂದಿಗೆ ಅದರ ಸಂಬಂಧವನ್ನು ದಾಖಲಿಸಿದೆ. ಕೆಲವು ದೊಡ್ಡ ಸಿಗಾರ್‌ಗಳಲ್ಲಿ ಒಂದು ಪ್ಯಾಕ್ ಸಿಗರೇಟಿನಷ್ಟು ತಂಬಾಕು ಇರುತ್ತದೆ. ನಿತ್ಯವಲ್ಲದೆ ಅಪರೂಪಕ್ಕೆ ಸೇದುವವರಿಗೆ ಅಪಾಯ ಕಡಿಮೆ ಎಂಬುದು ನಿಜ. ಇಲ್ಲವೇ ಇಲ್ಲ ಎಂಬುದು ನಿಜವಲ್ಲ.

ಪ್ರಮಾಣಪತ್ರಕ್ಕೆ ಹಣ ಕಟ್ಟುವ ಮುನ್ನ ಹವ್ಯಾಸಿ ಕೇಳಬೇಕಾದ ಪ್ರಶ್ನೆ, ಪಠ್ಯ ಬರೆದವರು ಯಾರು ಎಂಬುದು. ಇಲ್ಲಿ ಗುರುವೂ ವ್ಯಾಪಾರದವನೇ, ಪರೀಕ್ಷಕನೂ ವ್ಯಾಪಾರದವನೇ. ಹಬಾನೋಸ್ ಕಲಿಸುವುದು ಹಬಾನೋಸ್ ಮಾರುವ ಸರಕಿನ ಹಿರಿಮೆಯನ್ನು. ಗ್ರಾಹಕ ಹೆಚ್ಚು ತಿಳಿದಷ್ಟೂ ದುಬಾರಿ ಸಿಗಾರ್ ಕೊಳ್ಳುತ್ತಾನೆ ಎಂಬ ಲೆಕ್ಕಾಚಾರ ಇದರ ಹಿಂದಿಲ್ಲವೆಂದು ನಂಬುವುದು ಕಷ್ಟ. ಅಂಗಡಿಯಲ್ಲಿ ದುಡಿಯುವವನಿಗೆ ಅದು ವೃತ್ತಿಯ ಮಾತು, ಅವನು ಕಲಿಯಲಿ. ಹವ್ಯಾಸಿಗೆ ಪಾಠ ಸಾಕು, ಪದವಿ ಬೇಕಿಲ್ಲ ಎಂದೇ ಅನಿಸುತ್ತದೆ.

'ಪ್ರೀಮಿಯಂ' ಸಿಗಾರ್ ಬೇರೆ, ಸಾಮಾನ್ಯ ತಂಬಾಕು ಬೇರೆ ಎಂಬ ವಾದ ಅಮೆರಿಕದಲ್ಲಿ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದೆ. ಸಿಗಾರ್‌ಗಳನ್ನು ತನ್ನ ನಿಯಂತ್ರಣಕ್ಕೆ ತಂದ ಆಹಾರ ಮತ್ತು ಔಷಧ ಆಡಳಿತದ 2016ರ ನಿಯಮವನ್ನು ಪ್ರೀಮಿಯಂ ಸಿಗಾರ್‌ಗಳ ಮಟ್ಟಿಗೆ ಫೆಡರಲ್ ನ್ಯಾಯಾಲಯವೊಂದು 2023ರ ಆಗಸ್ಟ್‌ನಲ್ಲಿ ರದ್ದುಪಡಿಸಿತು. ಭಾರತದ 2003ರ ತಂಬಾಕು ನಿಯಂತ್ರಣ ಕಾಯಿದೆಯಲ್ಲಿ ಇಂಥ ಭೇದವಿಲ್ಲ. ಅದರ ಅನುಸೂಚಿಯಲ್ಲಿ ಸಿಗರೇಟು ಮೊದಲನೆಯದು, ಸಿಗಾರ್ ಎರಡನೆಯದು, ಚಿರೂಟು ಮೂರನೆಯದು, ಬೀಡಿ ನಾಲ್ಕನೆಯದು.