‘ಹಳೇದೇ ಚೆನ್ನಾಗಿತ್ತು ಕಣೋ’: ಪಾಪ ಪಾಂಡು ವಾಪಸ್ ಬಂದಾಗ ನಗು ಎಲ್ಲಿ ಹೋಯ್ತು?

(ಈ ವಾರದ ಪಾಡ್‌ಕಾಸ್ಟ್‌ನ ಬರಹ ರೂಪ)

ಬಸ್ಸಲ್ಲಿ ಕೂತು ಕೇಳೋರು ಇಯರ್‌ಫೋನ್ ಸರಿಯಾಗಿ ಹಾಕ್ಕೊಳ್ಳಿ, ಓದೋರು ಹಂಗೇ ಸ್ಕ್ರೋಲ್ ಮಾಡ್ತಾ ಬನ್ನಿ. ಇವತ್ತಿನ ವಿಷಯ ಶುರುವಾಗಿದ್ದು ನಮ್ಮ ಮನೆಯವರ ಒಂದು ಸಣ್ಣ ವಾದದಿಂದ.

ಇತ್ತೀಚೆಗೆ ಹೊಳಲ್ಕೆರೆಯಲ್ಲಿ ನೆಂಟರ ಮನೆ ಗೃಹಪ್ರವೇಶ ಇತ್ತು. ಊಟ ಆಗಿ ಎಲ್ರೂ ಶಾಮಿಯಾನದ ಕೆಳಗೆ ಕೂತಿದ್ವಿ. ಹಿರಿಯೂರಿಂದ ಬಂದಿದ್ದ ಚಿಕ್ಕಮ್ಮನ ಮಗ, ಪಿಯುಸಿ ಓದೋ ಹುಡುಗ, ಫೋನಲ್ಲಿ ‘ಪಾಪ ಪಾಂಡು’ ನೋಡ್ಕೊಂಡು ಒಬ್ಬನೇ ನಗ್ತಿದ್ದ. ಅದು 2018ರಲ್ಲಿ ಬಂದ ಹೊಸ ಪಾಪ ಪಾಂಡು. ಹೊಸದುರ್ಗದ ದೊಡ್ಡಪ್ಪ ಬಗ್ಗಿ ನೋಡಿದ್ರು.

“ಇದೆಲ್ಲಿ ಪಾಪ ಪಾಂಡುನೋ? ಹಳೇದು ನೋಡ್ಬೇಕಿತ್ತು ನೀನು.”

“ಹಳೇದ್ರಲ್ಲೂ ಇವರೇ ಅಲ್ವಾ ದೊಡ್ಡಪ್ಪ? ಪಾಂಡುನೂ ಅವರೇ, ಶ್ರೀಮತಿನೂ ಅವರೇ. ಮತ್ತೇನು ಬದಲಾಯ್ತು?”

ದೊಡ್ಡಪ್ಪನ ಹತ್ರ ಉತ್ತರ ಇರ್ಲಿಲ್ಲ. ನಿಜ ಹೇಳ್ಬೇಕಂದ್ರೆ ನನ್ನ ಹತ್ರನೂ ಇರ್ಲಿಲ್ಲ. ನಾನೂ 2018ರಲ್ಲಿ ಎರಡು ವಾರ ನೋಡಿ, ‘ಮೊದ್ಲಿನ ಥರ ಇಲ್ಲ’ ಅಂತ ಬಿಟ್ಟವನೇ. ಹಂಗಾಗಿ ಈ ಸಲ ಆ ಹುಡುಗನ ಪ್ರಶ್ನೆನೇ ಹಿಡ್ಕೊಂಡು ಹೊರಟೆ.

ಮೊದಲು ಕಥೆ ಏನು ಅಂತ

2000ದಲ್ಲಿ ಈಟಿವಿ ಕನ್ನಡ ಶುರುವಾಯ್ತು. ಆ ದಶಕದ ಮೊದಲ ವರ್ಷಗಳಲ್ಲಿ ಅದರಲ್ಲಿ ಹಾಸ್ಯ ಧಾರಾವಾಹಿಗಳ ಒಂದು ಸಾಲೇ ಬಂತು. ಫಣಿ ರಾಮಚಂದ್ರ ಅವರ ‘ದಂಡಪಿಂಡಗಳು’, ಲಲಿತಾಂಬ ಮತ್ತು ಡಾಕ್ಟರ್ ವಿಠಲ್ ರಾವ್ ಅವರ ‘ಸಿಲ್ಲಿ ಲಲ್ಲಿ’, ಸಿಹಿಕಹಿ ಚಂದ್ರು ಅವರ ‘ಪಾಪ ಪಾಂಡು’. ಪಾಪ ಪಾಂಡುವಿನ ಎಳೆ ತುಂಬಾ ಸರಳ. ಪಾಂಡು ಮೆತ್ತನೆ ಗಂಡ, ಶ್ರೀಮತಿ ಜೋರು ಹೆಂಡತಿ. ಅವನು ಏನೋ ಮುಚ್ಚಿಡೋಕೆ ಹೋಗ್ತಾನೆ, ಸಿಕ್ಕಿಬೀಳ್ತಾನೆ, ಪೆಟ್ಟು ತಿಂತಾನೆ. ಪಾಂಡು ಆಗಿ ಚಿದಾನಂದ್, ಶ್ರೀಮತಿ ಆಗಿ ಶಾಲಿನಿ. ಆ ಪಾತ್ರಗಳು ಅವರಿಗೆ ಎಷ್ಟು ಅಂಟ್ಕೊಂಡ್ವು ಅಂದ್ರೆ, ಇವತ್ತಿಗೂ ಜನ ‘ಪಾಪ ಪಾಂಡು ಚಿದಾನಂದ್’, ‘ಪಾಪ ಪಾಂಡು ಶಾಲಿನಿ’ ಅಂತಲೇ ಗುರುತಿಸ್ತಾರೆ.

2015ರಲ್ಲಿ ಈಟಿವಿ ಕನ್ನಡ ಹೋಗಿ ಕಲರ್ಸ್ ಕನ್ನಡ ಆಯ್ತು. 2016ರಲ್ಲಿ ಅದರ ತಂಗಿ ಚಾನೆಲ್ ಕಲರ್ಸ್ ಸೂಪರ್ ಬಂತು. 2018ರಲ್ಲಿ ಅದೇ ಕಲರ್ಸ್ ಸೂಪರ್‌ನಲ್ಲಿ ಪಾಪ ಪಾಂಡು ವಾಪಸ್ ಬಂತು. ಅದೇ ಜೋಡಿ, ಅದೇ ಸಿಹಿಕಹಿ ಚಂದ್ರು. ಹಳೇ ಅಭಿಮಾನಿಗಳು ಖುಷಿಯಿಂದ ನೋಡೋಕೆ ಕೂತ್ರು. ಸ್ವಲ್ಪ ದಿನಕ್ಕೆ ಅವರಲ್ಲೇ ಎರಡು ಪಂಗಡ ಆಯ್ತು.

ಇದು ನಮ್ಮೂರಿನ ರೋಗ ಮಾತ್ರ ಅಲ್ಲ

ಬ್ರಿಟನ್‌ನಲ್ಲಿ ‘ರೆಡ್ ಡ್ವಾರ್ಫ್’ ಅಂತ ಒಂದು ಸಿಟ್‌ಕಾಮ್ ಇದೆ. ಬಾಹ್ಯಾಕಾಶ ಹಡಗಲ್ಲಿ ಸಿಕ್ಕಿಹಾಕ್ಕೊಂಡ ನಾಲ್ಕು ಎಡವಟ್ಟುಗಳ ಕಥೆ. 1988ರಲ್ಲಿ ಬಿಬಿಸಿಯಲ್ಲಿ ಶುರು. ಆರನೇ ಸೀಸನ್ 1993ರಲ್ಲಿ ಬಂತು, ಏಳನೆಯದು ಬರೋ ಹೊತ್ತಿಗೆ 1997. ಇಬ್ಬರು ಬರಹಗಾರರಲ್ಲಿ ರಾಬ್ ಗ್ರಾಂಟ್ ಹೊರಗೆ ಹೋಗಿದ್ರು, ಡಗ್ ನೇಲರ್ ಮಾತ್ರ ಉಳಿದಿದ್ರು. ರಿಮ್ಮರ್ ಪಾತ್ರದ ಕ್ರಿಸ್ ಬ್ಯಾರಿ ಎಂಟರಲ್ಲಿ ಕೆಲವೇ ಕಂತುಗಳಲ್ಲಿ ಕಾಣಿಸಿದ್ರು. ಮೊದಲು ಸ್ಟುಡಿಯೋದಲ್ಲಿ ಜನರನ್ನ ಕೂರಿಸಿ ಅವರ ಮುಂದೆನೇ ಶೂಟ್ ಮಾಡ್ತಿದ್ರು, ಏಳನೇ ಸೀಸನ್‌ನಲ್ಲಿ ಅದನ್ನ ಬಿಟ್ಟು ಸಿನಿಮಾ ಥರ ತೆಗೆದ್ರು. ಅಭಿಮಾನಿಗಳು ಇವತ್ತಿಗೂ ಕಿತ್ತಾಡ್ತಾರೆ. ಕೆಲವರಿಗೆ ಅದು ಧೈರ್ಯದ ಪ್ರಯೋಗ, ಕೆಲವರಿಗೆ ನಗುವೇ ಇಲ್ಲದ ನಾಟಕ. 1999ರ ಎಂಟನೇ ಸೀಸನ್‌ನಲ್ಲಿ ಜನರೂ ವಾಪಸ್, ರಿಮ್ಮರೂ ವಾಪಸ್. ಆದ್ರೂ ಜಗಳ ನಿಲ್ಲಲಿಲ್ಲ!

ಇದರಲ್ಲಿ ನಮಗೊಂದು ಪಾಠ ಇದೆ. ರೆಡ್ ಡ್ವಾರ್ಫ್ ಅಭಿಮಾನಿಗಳಿಗೆ ಬೆರಳು ಮಾಡಿ ತೋರಿಸೋಕೆ ಕಾರಣ ಇತ್ತು: ಬರಹಗಾರ ಹೋದ, ನಟ ಹೋದ, ಶೂಟ್ ಮಾಡೋ ರೀತಿ ಬದಲಾಯ್ತು. ಪಾಪ ಪಾಂಡುವಿನಲ್ಲಿ ಮುಖ್ಯವಾದ ಜೋಡಿನೇ ಉಳಿದಿತ್ತು. ಹಂಗಾದ್ರೆ ‘ಜನ ಬದಲಾದ್ರು, ಅದಕ್ಕೇ ಕೆಟ್ಟೋಯ್ತು’ ಅನ್ನೋ ಸುಲಭದ ಉತ್ತರ ನಮಗೆ ಸಿಗಲ್ಲ.

ಒಂದು ಬಿ.ಕಾಂ ಲೆಕ್ಕ

ಬ್ರಿಟಿಷ್ ಸಿಟ್‌ಕಾಮ್‌ನ ಒಂದು ಸೀಸನ್ ಅಂದ್ರೆ ಸಾಮಾನ್ಯವಾಗಿ 6 ಕಂತು. ‘ಫಾಲ್ಟಿ ಟವರ್ಸ್’ 1975ರಲ್ಲಿ 6, 1979ರಲ್ಲಿ 6, ಅಲ್ಲಿಗೆ ಮುಗೀತು. ಅಲ್ಲಿ ಅತ್ಯಂತ ದೀರ್ಘಕಾಲ ನಡೆದಿದ್ದು ‘ಲಾಸ್ಟ್ ಆಫ್ ದ ಸಮ್ಮರ್ ವೈನ್’. 1973ರಿಂದ 2010ರವರೆಗೆ, ಒಟ್ಟು 295 ಕಂತು. ಎಲ್ಲಾನೂ ಬರೆದಿದ್ದು ರಾಯ್ ಕ್ಲಾರ್ಕ್ ಅನ್ನೋ ಒಬ್ಬರೇ.

ಈಗ ನಮ್ಮ ಕಡೆ ಬನ್ನಿ. ವಾರಕ್ಕೆ 5 ದಿನ ಬರೋ ಧಾರಾವಾಹಿಗೆ 295 ಕಂತು ಮುಗಿಸೋಕೆ ಎಷ್ಟು ವಾರ ಬೇಕು? 59. ಅಂದ್ರೆ ಒಂದು ವರ್ಷ, ಒಂದೂವರೆ ತಿಂಗಳು ಮೇಲೆ. ಅವರು 37 ವರ್ಷ ಹಂಚಿ ತಿಂದ ಬುತ್ತಿಯನ್ನ ನಾವು ಒಂದು ವರ್ಷದಲ್ಲಿ ಖಾಲಿ ಮಾಡ್ತೀವಿ.

ಇಷ್ಟು ವೇಗದಲ್ಲಿ ಬರೆಯೋವಾಗ ಪ್ರತಿದಿನ ಹೊಸ ಐಡಿಯಾ ಎಲ್ಲಿಂದ ತರ್ತೀರಾ? ಇವತ್ತು ನಕ್ಕಿದ್ದನ್ನೇ ನಾಳೆ ಇನ್ನೊಂದು ಚೂರು ಜಾಸ್ತಿ ಮಾಡ್ತೀರಾ. ಮೊದ್ಲು ಪೆದ್ದು ಆಗಿದ್ದವನು ಶತಪೆದ್ದು ಆಗ್ತಾನೆ, ಜೋರು ಮಾತಾಡೋಳು ಬರೀ ಕೂಗ್ತಾಳೆ. ಪಾತ್ರಕ್ಕೆ ಹತ್ತು ಗುಣ ಇದ್ದಿದ್ದು ಸವೆದು ಒಂದೇ ಗುಣ ಉಳಿಯುತ್ತೆ. ಇದು ಯಾವುದೇ ದಿನವಹಿ ಹಾಸ್ಯಕ್ಕೆ ಬರೋ ಕಾಯಿಲೆ.

ಆದ್ರೆ ತಡೀರಿ, ಇಲ್ಲೊಂದು ತೊಡಕಿದೆ. ಹಳೇ ಪಾಪ ಪಾಂಡುನೂ ಹಿಂಗೇ ದಿನಾ ಓಡಿದ್ದೇ ಅಲ್ವಾ? ಆಗ ಯಾಕೆ ನಮಗೆ ಬೇಜಾರಾಗ್ಲಿಲ್ಲ?

ನೆನಪು ಮಾಡೋ ಮೋಸ

ಇದನ್ನ ನೋಡೋಣ ಅಂತ ನಾನೊಂದು ಕೆಲಸ ಮಾಡ್ದೆ. ‘ಬೆಸ್ಟ್ ಕಾಮಿಡಿ’ ಅಂತ ಹಾಕಿರೋ ತುಣುಕುಗಳನ್ನ ಬಿಟ್ಟು, ಫೋನಲ್ಲಿ ಸಿಕ್ಕ ಹಳೇ ಕಂತು ಕೆಲವು, ಹೊಸ ಕಂತು ಕೆಲವು, ಆರಿಸದೆ ಪೂರ್ತಿ ನೋಡಿದೆ. ಹಳೇದ್ರಲ್ಲೂ ಸಪ್ಪೆ ಇದಾವೆ. ಎಳೆದಿರೋ ದೃಶ್ಯಗಳಿದಾವೆ. ಹೊಸದ್ರಲ್ಲೂ ಚಿದಾನಂದ್ ಅವರ ಮುಖ ನೋಡಿದ್ರೇ ನಗು ಬರೋ ಜಾಗಗಳಿದಾವೆ.

ನಾವು ಮಾಡೋ ತಪ್ಪು ಏನು ಗೊತ್ತಾ? ಹಳೇದರಲ್ಲಿ ನೆನಪು ಉಳಿದಿರೋದು ಒಳ್ಳೆ ಹತ್ತು ದೃಶ್ಯ ಮಾತ್ರ, ಸಪ್ಪೆದೆಲ್ಲಾ ಮರೆತಿದೀವಿ. ಹೊಸದರಲ್ಲಿ ನೋಡ್ತಿರೋದು ನಿನ್ನೆ ಬಂದ ಕಂತು. ಒಂದು ಕಡೆ ಟಾಪರ್ ಹುಡುಗನ ಮಾರ್ಕ್ಸು, ಇನ್ನೊಂದು ಕಡೆ ಇಡೀ ಕ್ಲಾಸಿನ ಸರಾಸರಿ. ಹೋಲಿಕೆನೇ ತಪ್ಪು.

ಕಾಯೋದೂ ಒಂದು ಕಾರಣ. ನಮ್ಮ ಮಾರಿಕಣಿವೆ 1933ರಲ್ಲಿ ಕೋಡಿ ಬಿದ್ದಿದ್ದು, ಆಮೇಲೆ 2022ರಲ್ಲೇ. 89 ವರ್ಷ ಕಾದ ಮೇಲೂ ನೀರು ನೀರೇ, ಹಿರಿಯೂರಿಗೆ ಹೋಗಿ ನೋಡಿದವರು ಯಾರೂ ‘ಮೊದ್ಲಿನ ಥರ ಹರೀತಿಲ್ಲ’ ಅನ್ಲಿಲ್ಲ. ಹಾಸ್ಯಕ್ಕೆ ಆ ಅನುಕೂಲ ಇಲ್ಲ. ಕಾದಷ್ಟೂ ನಿರೀಕ್ಷೆ ಜಾಸ್ತಿ, ನಿರೀಕ್ಷೆ ಜಾಸ್ತಿ ಆದಷ್ಟೂ ನಗು ಕಷ್ಟ.

ದೊಡ್ಡಮ್ಮ ಹೇಳಿದ್ದು

ಇಷ್ಟಕ್ಕೇ ಮುಗಿಸಿ ರೆಕಾರ್ಡ್ ಮಾಡೋಣ ಅಂತಿದ್ದೆ. ಆದ್ರೆ ಹೊಸದುರ್ಗಕ್ಕೆ ಹೋದಾಗ ದೊಡ್ಡಮ್ಮನ್ನ ಒಂದು ಮಾತು ಕೇಳಿದೆ. ಯಾಕಂದ್ರೆ ನನ್ನ ನೆನಪಲ್ಲಿ ಪಾಪ ಪಾಂಡು ಅಂದ್ರೆ ದೊಡ್ಡಮ್ಮನ ನಗು. ಬೇಸಿಗೆ ರಜಕ್ಕೆ ನಾವು ಅಲ್ಲಿರ್ತಿದ್ವಿ. ತೆಂಗಿನ ತೋಟದ ಮನೆ, ನಡುಮನೇಲಿ ಒಂದೇ ಟಿವಿ, ಹತ್ತು ಹನ್ನೆರಡು ಜನ. ಕರೆಂಟ್ ಹೋದ್ರೆ ಕಂತು ಹೋಯ್ತು, ಮಾರನೇ ದಿನ ಪಕ್ಕದ ಮನೆಯವರನ್ನ ಕೇಳಿ ಕಥೆ ತಿಳ್ಕೋಬೇಕು. ಗಂಡಸರು ಕುರ್ಚಿ ಮೇಲೆ, ದೊಡ್ಡಮ್ಮ ಅಡಿಗೆಮನೆ ಬಾಗಿಲಲ್ಲಿ ನಿಂತು ನೋಡೋರು. ಶ್ರೀಮತಿ ಪಾಂಡುಗೆ ಬಾರಿಸಿದಾಗ ಸೆರಗು ಬಾಯಿಗಿಟ್ಕೊಂಡು ಕಣ್ಣಲ್ಲಿ ನೀರು ಬರೋ ತನಕ ನಗೋರು.

“ದೊಡ್ಡಮ್ಮ, ಹೊಸದು ನೀವು ಯಾಕೆ ನೋಡ್ಲಿಲ್ಲ?”

“ನೋಡ್ದೆ ಕಣಪ್ಪ, ನಾಕು ದಿನ. ನಗು ಬರ್ಲಿಲ್ಲ. ಆಗ ಅತ್ತೆ ಇದ್ರು. ನಾನು ಈ ಮನೇಲಿ ಗಟ್ಟಿಯಾಗಿ ಮಾತಾಡೋ ಹಂಗಿರ್ಲಿಲ್ಲ. ಟಿವಿಯೊಳಗೆ ಒಬ್ಳು ಗಂಡನ್ನೇ ಬೈತಾಳೆ, ಹೊಡೀತಾಳೆ, ಮನೆಯವರೆಲ್ಲ ಕೂತು ನಗ್ತಾರೆ. ನನಗೆ ಅದೇ ಖುಷಿ. ಈಗ ನಾನೇ ಯಜಮಾನಿ. ಪಾಪ, ಅವನಿಗೆ ಯಾಕೆ ಹೊಡೀಬೇಕು ಅನ್ಸುತ್ತೆ.”

ದೊಡ್ಡಪ್ಪ ಅಲ್ಲೇ ಕೂತು ಕೊಬ್ಬರಿ ಲೆಕ್ಕ ಬರೀತಿದ್ರು. ತಲೆ ಎತ್ತಲಿಲ್ಲ.

ನನಗೆ ಆಗ ಅರ್ಥ ಆಯ್ತು, ನಾನು ಇಷ್ಟು ದಿನ ಬರೀ ಟಿವಿ ಕಡೆ ನೋಡ್ತಿದ್ದೆ. ಹಾಸ್ಯ ಕೆಲಸ ಮಾಡೋದು ಎದುರು ಕೂತವರ ಮನೆ ಹೆಂಗಿದೆ ಅನ್ನೋದರ ಮೇಲೆ. ಹೆಂಡತಿ ಗಂಡನಿಗೆ ಹೊಡೆಯೋದು ಆಗ ತಮಾಷೆ ಆಗಿದ್ದು, ಅದು ‘ಆಗದ’ ಮಾತು ಅಂತ. ಮನೆಯಲ್ಲಿ ಹೆಣ್ಣುಮಕ್ಕಳು ಎದುರು ಮಾತಾಡೋದು ಮಾಮೂಲಿ ಆದಮೇಲೆ ಆ ತಲೆಕೆಳಗು ತಮಾಷೆ ಸುಮ್ನೆ ಹೊಡೆತ ಆಗಿ ಕಾಣುತ್ತೆ. ಇದನ್ನ ಎಷ್ಟೇ ಒಳ್ಳೆ ನಟರು ಮಾಡಿದ್ರೂ ಸರಿ ಮಾಡೋಕಾಗಲ್ಲ.

ಹಂಗಾದ್ರೆ ಹಿರಿಯೂರಿನ ಹುಡುಗ ಯಾಕೆ ನಕ್ಕ?

ಅವನನ್ನೂ ಕೇಳಿದೆ. ಅವನಿಗೆ ಹೊಡೆತ ಮುಖ್ಯನೇ ಅಲ್ಲ. ಪಾಂಡು ಸುಳ್ಳು ಹೇಳಿ, ಆ ಸುಳ್ಳು ಮುಚ್ಚೋಕೆ ಇನ್ನೊಂದು ಹೇಳಿ, ಕೊನೆಗೆ ತಾನೇ ಗೊಂದಲ ಆಗೋದು ಇಷ್ಟವಂತೆ. ನಾವು ನೋಡ್ತಿದ್ದ ಧಾರಾವಾಹಿನೇ ಬೇರೆ, ಅವನು ನೋಡ್ತಿರೋದೇ ಬೇರೆ. ಅವನಿಗೆ ಹೋಲಿಸೋಕೆ ಹಳೇದು ಇಲ್ಲ, ಹಂಗಾಗಿ ನಷ್ಟನೂ ಇಲ್ಲ.

ಹಂಗಾಗಿ ನನ್ನ ಉತ್ತರ ಇದು. ದಿನಾ ಬರೆಯೋ ಒತ್ತಡಕ್ಕೆ ಹಾಸ್ಯ ಸವೆಯುತ್ತೆ, ಅದು ನಿಜ, ಆದ್ರೆ ಹಳೇದಕ್ಕೂ ಹೊಸದಕ್ಕೂ ಒಂದೇ. ನೆನಪು ಹಳೇದಕ್ಕೆ ಗ್ರೇಸ್ ಮಾರ್ಕ್ಸ್ ಕೊಡುತ್ತೆ, ಅದೂ ನಿಜ. ಆದ್ರೆ ದೊಡ್ಡ ಕಾರಣ ನಾವು. 2018ರಲ್ಲಿ ಪಾಂಡು, ಶ್ರೀಮತಿ ಹೆಚ್ಚುಕಡಿಮೆ ಅದೇ ಜಾಗದಲ್ಲಿದ್ರು. ದೊಡ್ಡಮ್ಮ ಬಾಗಿಲಿಂದ ಕುರ್ಚಿಗೆ ಬಂದಿದ್ರು. ಅದಕ್ಕೆ ನಗು ನಿಂತಿದ್ರೆ, ನನಗಂತೂ ಬೇಜಾರಿಲ್ಲ.

ನಿಮ್ಮ ಮನೇಲಿ ಯಾವ ಹಳೇ ಕಾಮಿಡಿಗೆ ಈಗ ಯಾರಿಗೆ ನಗು ಬರ್ತಿಲ್ಲ? ಅವರನ್ನೇ ‘ಯಾಕೆ’ ಅಂತ ಕೇಳಿ, ಒಂದು ವಾಯ್ಸ್ ನೋಟ್ ಕಳಿಸಿ. ಚಿತ್ರದುರ್ಗದಿಂದ ಇವತ್ತಿಗೆ ಇಷ್ಟೇ. ಮುಂದಿನ ವಾರ ಸಿಗೋಣ, ನಮಸ್ಕಾರ.